ಕಾವಲುಗಾರರ ಸಮವಸ್ತ್ರ: ಅಳತೆ ಯಾರ ಕೈಯಲ್ಲಿರಬೇಕು?

ಮ್ಯೂಸಿಯಂ ಕಾಯುವವರೇ ಒಟ್ಟಿಗೆ ಕೂತು ತಮ್ಮ ಯೂನಿಫಾರಂ ಹೇಗಿರಬೇಕೆಂದು ಯೋಚಿಸುವ ಕಾರ್ಯಾಗಾರ ಏಕೆ ಬೇಕು, ಅದನ್ನು ನಡೆಸುವುದು ಹೇಗೆ, ಎಲ್ಲಿ ಎಡವಬಹುದು: ಸಂಸ್ಥೆಗಳಿಗೂ ಸಿಬ್ಬಂದಿಗೂ ಒಂದು ಕೈಪಿಡಿ

ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಸಂಗ್ರಹದಲ್ಲಿ ‘ಗಾರ್ಡೆಡ್ ವ್ಯೂ’ ಎಂಬ ಕೃತಿಯೊಂದಿದೆ. ಕಲಾವಿದ ಫ್ರೆಡ್ ವಿಲ್ಸನ್ 1991ರಲ್ಲಿ ರೂಪಿಸಿದ್ದು. ಕಪ್ಪು ಮೈಬಣ್ಣದ ನಾಲ್ಕು ಬೊಂಬೆಗಳು ನಿಂತಿವೆ. ಮೆಟ್ರೋಪಾಲಿಟನ್, ಆಧುನಿಕ ಕಲಾ ಮ್ಯೂಸಿಯಂ (ಮೋಮಾ), ಜ್ಯೂಯಿಶ್ ಮ್ಯೂಸಿಯಂ ಮತ್ತು ವಿಟ್ನಿಯ ಕಾವಲುಗಾರರ ಸಮವಸ್ತ್ರ ಅವುಗಳ ಮೈಮೇಲಿದೆ, ಕತ್ತಿನ ಮೇಲೆ ತಲೆಯಿಲ್ಲ. ವಿಲ್ಸನ್ ವಿದ್ಯಾರ್ಥಿಯಾಗಿದ್ದಾಗ ತಾವೇ ಮ್ಯೂಸಿಯಂ ಕಾವಲು ಕಾಯ್ದವರು. ಕೃತಿಯ ಮಾತು ನೇರವಾಗಿದೆ: ಗೋಡೆಯ ಚಿತ್ರ ನೋಡಲು ಬಂದವರು ಅದರ ಪಕ್ಕದಲ್ಲೇ ನಿಂತ ಮನುಷ್ಯರನ್ನು ನೋಡುವುದಿಲ್ಲ, ಹಾಗೆ ನೋಡದೆ ದಾಟಿಹೋಗಲು ಸಮವಸ್ತ್ರವೇ ಅನುವು ಮಾಡಿಕೊಡುತ್ತದೆ. ಮೂವತ್ತು ವರ್ಷಗಳ ನಂತರ ಬಾಲ್ಟಿಮೋರ್ ಕಲಾ ಮ್ಯೂಸಿಯಂ ಇದಕ್ಕೆ ಇನ್ನೊಂದು ತುದಿಯಿಂದ ಉತ್ತರ ಕೊಟ್ಟಿತು. 2022ರ ಮಾರ್ಚ್ 27ರಿಂದ ಜುಲೈ 10ರವರೆಗೆ ನಡೆದ ‘ಗಾರ್ಡಿಂಗ್ ದಿ ಆರ್ಟ್’ ಪ್ರದರ್ಶನವನ್ನು ಅಲ್ಲಿನ 17 ಮಂದಿ ಭದ್ರತಾ ಸಿಬ್ಬಂದಿಯೇ ಕ್ಯುರೇಟ್ ಮಾಡಿದರು. ಕಲಾ ಇತಿಹಾಸಕಾರ್ತಿ ಲೋವರಿ ಸ್ಟೋಕ್ಸ್ ಸಿಮ್ಸ್ ಮಾರ್ಗದರ್ಶನ ನೀಡಿದರು. ಸಿಬ್ಬಂದಿ ಆರಿಸಿದ ಕೃತಿಗಳಲ್ಲಿ ಜೆರೆಮಿ ಆಲ್ಡೆನ್ ಪೆನ್ಸಿಲ್‌ಗಳನ್ನು ಜೋಡಿಸಿ ಮಾಡಿದ ಕುರ್ಚಿಯೂ ಇತ್ತು. ದಿನವಿಡೀ ನಿಲ್ಲುವವರ ಕಣ್ಣು ಕುರ್ಚಿಯ ಮೇಲೆ ಬಿದ್ದದ್ದು ಸಹಜವೇ. ಆದರೆ ಅಂಥ ಆಯ್ಕೆ ಕ್ಯುರೇಟರ್ ಕೋಣೆಯಲ್ಲಿ ಹುಟ್ಟುವುದು ಕಷ್ಟ.

ಸಮವಸ್ತ್ರ ಕಾರ್ಯಾಗಾರ ಎಂದೊಡನೆ ಬಣ್ಣ, ಕಸೂತಿ, ಫ್ಯಾಷನ್ ಷೋ ನೆನಪಾಗುವುದುಂಟು. ಈ ಲೇಖನದ ವಾದ ಬೇರೆ. ಸಮವಸ್ತ್ರವೆಂದರೆ ಒಂದು ಕೆಲಸದ ಬಗ್ಗೆ ಸಂಸ್ಥೆ ಏನು ತಿಳಿದುಕೊಂಡಿದೆ ಎಂಬುದರ ಹೊಲಿದ ರೂಪ. ಕಾವಲುಗಾರರಿಗೆ ಪೊಲೀಸರಂತೆ ಕಾಣುವ ಬಟ್ಟೆ ಕೊಟ್ಟ ಸಂಸ್ಥೆ ಅವರ ಕೆಲಸವನ್ನು ತಡೆಯುವುದು, ಗದರುವುದು ಎಂದು ತಿಳಿದಿದೆ. ಜೇಬಿಲ್ಲದ ಬಟ್ಟೆ ಕೊಟ್ಟ ಸಂಸ್ಥೆ ಅವರ ಕೈಯಲ್ಲಿ ಏನೇನಿರುತ್ತದೆ ಎಂದು ಗಮನಿಸಿಯೇ ಇಲ್ಲ. ಆದ್ದರಿಂದ ಕಾರ್ಯಾಗಾರದ ಬೆಲೆ ಕೊನೆಯಲ್ಲಿ ಬರುವ ಅಂಗಿಯ ಅಂದದಲ್ಲಿಲ್ಲ. ಆ ಕೆಲಸ ನಿಜಕ್ಕೂ ಏನು ಎಂಬುದನ್ನು ಮಾಡುವವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದರಲ್ಲಿದೆ. ಕೇಳಿದ್ದನ್ನು ಜಾರಿ ಮಾಡುವ ಹಣ ಮತ್ತು ಅಧಿಕಾರ ಜೊತೆಗಿಲ್ಲದಿದ್ದರೆ ಕಾರ್ಯಾಗಾರ ಬರೀ ಫೋಟೊ ಕಾರ್ಯಕ್ರಮವಾಗುತ್ತದೆ.

ಬಟ್ಟೆಯಲ್ಲಿ ಅಡಗಿರುವ ಕೆಲಸ

ಈ ಮಾತಿಗೆ ನಮ್ಮಲ್ಲೇ ಪುರಾವೆಗಳಿವೆ. 2018ರಲ್ಲಿ ಕರ್ನಾಟಕದ ಮಹಿಳಾ ಪೊಲೀಸರು ಖಾಕಿ ಸೀರೆಯ ಬದಲು ಷರ್ಟು ಪ್ಯಾಂಟು ಧರಿಸಬೇಕೆಂದು ಇಲಾಖೆ ಆದೇಶಿಸಿತು. 2025ರ ಅಕ್ಟೋಬರ್‌ನಲ್ಲಿ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಸೀರೆಯುಟ್ಟು ಓಡುವುದು ಕಷ್ಟ, ಗಲಾಟೆಯ ನಡುವೆ ಆ ಟೋಪಿ ತಲೆಯ ಮೇಲೆ ನಿಲ್ಲುವುದಿಲ್ಲ ಎಂಬುದು ತೊಟ್ಟವರಿಗೆ ಮೊದಲ ದಿನವೇ ತಿಳಿದಿರುವ ಸಂಗತಿ. ಆದೇಶ ಹೊರಡಿಸುವವರ ಮೇಜಿಗೆ ಅದು ಮುಟ್ಟಲು ದಶಕಗಳು ಹಿಡಿದವು. ತಿಳಿವಳಿಕೆ ಕೆಳಗಿರುವುದು, ತೀರ್ಮಾನ ಮೇಲಿರುವುದು, ನಡುವೆ ದಾರಿಯಿಲ್ಲದಿರುವುದು ಸಮವಸ್ತ್ರದ ಮೂಲ ತೊಂದರೆ. ಕಾರ್ಯಾಗಾರ ಆ ದಾರಿಯನ್ನು ಮಾಡಿಕೊಡಬಲ್ಲದು.

ಮ್ಯೂಸಿಯಂ ಕಾವಲಿನಲ್ಲಿ ಈ ತೊಂದರೆಗೆ ವಿಶೇಷ ರೂಪಗಳಿವೆ. ಬಟ್ಟೆ, ಕಾಗದ, ಜಲವರ್ಣ ಚಿತ್ರಗಳು ಬೆಳಕಿಗೆ ಬೇಗ ಮಾಸುವುದರಿಂದ ಅವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ರೂಢಿ. ಆ ಮಬ್ಬಿನಲ್ಲಿ ಕಡುನೀಲಿ ಅಥವಾ ಕಪ್ಪು ಬಟ್ಟೆ ತೊಟ್ಟವರು ಮೂಲೆಯಲ್ಲಿ ಕರಗಿಹೋಗುತ್ತಾರೆ. ದಾರಿ ಕೇಳಬೇಕಾದವರಿಗೆ ಅವರು ಕಾಣುವುದಿಲ್ಲ, ಶಿಲ್ಪವನ್ನು ಮುಟ್ಟಹೊರಟವರಿಗೆ ಯಾರೋ ಇದ್ದಾರೆಂಬ ಎಚ್ಚರವೂ ಇರುವುದಿಲ್ಲ. ಹವಾನಿಯಂತ್ರಣವಿದ್ದಲ್ಲಿ ಅದನ್ನು ಹೊಂದಿಸುವುದು ವಸ್ತುಗಳಿಗಾಗಿ, ಅದರಡಿ ಅಲುಗಾಡದೆ ನಿಂತವರಿಗೆ ಚಳಿ. ಅದೇ ಸಂಸ್ಥೆಯ ಗೇಟಿನಲ್ಲಿ ಏಪ್ರಿಲ್ ಬಿಸಿಲಿಗೆ ನಿಂತವರಿಗೂ ಅದೇ ಬಟ್ಟೆ. ನುಣುಪು ಕಲ್ಲಿನ ನೆಲದ ಮೇಲೆ ಗಂಟೆಗಟ್ಟಲೆ ನಿಂತರೆ ಕಾಲು, ಸೊಂಟ ಸೋಲುತ್ತವೆ. ದೀರ್ಘಕಾಲ ನಿಂತು ದುಡಿಯುವುದಕ್ಕೂ ಕಾಲಿನ ರಕ್ತನಾಳಗಳು ಉಬ್ಬುವುದಕ್ಕೂ ಇರುವ ನಂಟು ವೈದ್ಯಶಾಸ್ತ್ರ ಗುರುತಿಸಿರುವಂಥದ್ದು. ಬೆಂಕಿ ಬಿದ್ದರೆ ಜನರನ್ನು ಹೊರಗೆ ಕಳಿಸಬೇಕಾದವರೂ ಇವರೇ. ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಮ್ಯೂಸಿಯಂ 2016ರ ಏಪ್ರಿಲ್‌ನಲ್ಲಿ ಸುಟ್ಟುಹೋದುದನ್ನು ನೆನೆದರೆ, ಬೆಂಕಿಯ ಕಾವಿಗೆ ಕರಗಿ ಮೈಗೆ ಅಂಟುವ ಅಗ್ಗದ ಪಾಲಿಯೆಸ್ಟರ್ ಬಟ್ಟೆ ಈ ಕೆಲಸಕ್ಕೆ ಸಲ್ಲದೆಂಬುದು ಯಾರಿಗೂ ಹೊಳೆಯುತ್ತದೆ.

ಮೊದಲು ಕಾನೂನು, ಆಮೇಲೆ ಕತ್ತರಿ

ನಮ್ಮ ಬಹುಪಾಲು ಸಂಸ್ಥೆಗಳಲ್ಲಿ ಕಾವಲುಗಾರರು ಬರುವುದು ಖಾಸಗಿ ಏಜೆನ್ಸಿಗಳ ಮೂಲಕ. ಆದ್ದರಿಂದ ಕಾರ್ಯಾಗಾರದ ಆಸೆ ಹುಟ್ಟಿದ ಕೂಡಲೇ ಓದಬೇಕಾದದ್ದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನಾಗಲಿ, ಅದರಂತೆ ಕಾಣುವ ಬಟ್ಟೆಯನ್ನಾಗಲಿ ಖಾಸಗಿ ಕಾವಲುಗಾರರು ತೊಡುವುದು ಈ ಕಾಯ್ದೆಯಡಿ ಅಪರಾಧ. ತೊಟ್ಟವರಿಗೂ ಏಜೆನ್ಸಿಯ ಮಾಲೀಕರಿಗೂ ಒಂದು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕೇಂದ್ರದ ಮಾದರಿ ನಿಯಮಗಳು ಸಮವಸ್ತ್ರದ ಕನಿಷ್ಠ ಅಂಶಗಳನ್ನು ಹೇಳುತ್ತವೆ: ಏಜೆನ್ಸಿಯನ್ನು ಗುರುತಿಸುವ ತೋಳಿನ ಬ್ಯಾಡ್ಜು, ಹುದ್ದೆ ತಿಳಿಸುವ ಭುಜದ ಅಥವಾ ಎದೆಯ ಬ್ಯಾಡ್ಜು, ದಾರಕ್ಕೆ ಕಟ್ಟಿ ಎಡ ಜೇಬಿನಲ್ಲಿಟ್ಟ ಸೀಟಿ, ಲೇಸಿರುವ ಷೂ, ತಲೆಗೆ ಟೋಪಿ. ಬಟ್ಟೆ ತೀರಾ ಬಿಗಿಯೂ ತೀರಾ ಸಡಿಲವೂ ಆಗಿರಬಾರದು, ಬಾಗಲು ಬಳುಕಲು ಅಡ್ಡಿಯಾಗಬಾರದು ಎಂಬ ಮಾತೂ ಅಲ್ಲಿದೆ. ಪ್ರತಿ ಕಾವಲುಗಾರರ ಬಳಿ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇರಬೇಕೆಂದೂ ಹೇಳಿದೆ. ಕೊನೆಯದು ಬಹಳ ಬೆಲೆಯ ಅಂಶ. ನೋಡುಗರು ದಿನವೂ ಏನು ಕೇಳುತ್ತಾರೆ, ಎಲ್ಲಿ ದಾರಿ ತಪ್ಪುತ್ತಾರೆ, ಯಾವ ವಸ್ತುವಿನ ಮುಂದೆ ನಿಲ್ಲುತ್ತಾರೆ ಎಂಬುದು ಆ ಪುಟ್ಟ ಪುಸ್ತಕದಲ್ಲಿ ದಾಖಲಾದರೆ ಯಾವ ಸಮೀಕ್ಷೆಯೂ ಅದಕ್ಕೆ ಸಾಟಿಯಾಗದು. ಸಮವಸ್ತ್ರದಲ್ಲಿ ಅದಕ್ಕೊಂದು ಸರಿಯಾದ ಜೇಬು ಬೇಕಷ್ಟೆ. ನಿಯಮಗಳ ವಿವರ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆಯಾಗಬಹುದಾದ್ದರಿಂದ ಏಜೆನ್ಸಿಯ ಪರವಾನಗಿ ಷರತ್ತನ್ನು ತರಿಸಿ ಓದುವುದು ಒಳ್ಳೆಯದು. ಕಾನೂನು ಕಟ್ಟಿಹಾಕುವುದು ಕೆಲವೇ ಗುರುತುಗಳನ್ನು. ಬಣ್ಣ, ಬಟ್ಟೆ, ಕಾಲರು, ಕೋಟು, ಜೇಬು, ಷೂವಿನ ಅಟ್ಟೆ, ಕುಪ್ಪಸದ ಉದ್ದ ಎಲ್ಲವೂ ಮಾತುಕತೆಗೆ ತೆರೆದಿವೆ.

ಮೂರು ಬೈಠಕ್ಕುಗಳಲ್ಲಿ ಕಾರ್ಯಾಗಾರ

ಹನ್ನೆರಡರಿಂದ ಹದಿನೈದು ಮಂದಿ ಸಾಕು. ಹೆಂಗಸರು, ಗಂಡಸರು, ಹಗಲು ಪಾಳಿ, ರಾತ್ರಿ ಪಾಳಿ, ಗೇಟು, ಗ್ಯಾಲರಿ, ಹಳಬರು, ಹೊಸಬರು ಎಲ್ಲರ ಪ್ರತಿನಿಧಿಗಳೂ ಇರಲಿ. ಮ್ಯೂಸಿಯಂಗೆ ವಾರದ ರಜೆಯಿರುವ ದಿನ ನಡೆಸಿದರೆ ಗ್ಯಾಲರಿ ಖಾಲಿ ಸಿಗುತ್ತದೆ. ಆದರೆ ಅದು ಸಿಬ್ಬಂದಿಯ ರಜೆಯೂ ಆಗಿದ್ದರೆ ಆ ಗಂಟೆಗಳಿಗೆ ಪೂರ್ಣ ಕೂಲಿ ಕೊಡಬೇಕು, ಇದರಲ್ಲಿ ಚೌಕಾಸಿಯಿಲ್ಲ. ಡಿಸೈನರಿಗೆ ಸಂಭಾವನೆ ಕೊಟ್ಟು ಕಾವಲುಗಾರರನ್ನು ಪುಕ್ಕಟೆ ಕೂರಿಸಿದರೆ ಯಾರ ಮಾತಿಗೆ ಬೆಲೆ ಎಂಬುದು ಮೊದಲ ಗಂಟೆಯಲ್ಲೇ ತೀರ್ಮಾನವಾಗಿರುತ್ತದೆ. ಮೊದಲ ಬೈಠಕ್ಕಿನಲ್ಲಿ ಸೂಪರ್‌ವೈಸರ್, ಏಜೆನ್ಸಿಯ ಮ್ಯಾನೇಜರ್ ಇರಬಾರದು. ಒಬ್ಬ ಅನುಭವಿ ಟೈಲರ್ ಮಾತ್ರ ಮೊದಲಿನಿಂದ ಕೊನೆಯವರೆಗೂ ಇರಬೇಕು. ಆಸೆಗೂ ಹೊಲಿಗೆಗೂ ನಡುವಿನ ಸೇತುವೆ ಆ ವ್ಯಕ್ತಿಯೇ.

ಮೊದಲ ಬೈಠಕ್ಕಿಗೆ ಕಾಗದ, ಬಣ್ಣದ ಪೆನ್ಸಿಲು ತರುವ ಆತುರ ಬೇಡ. ಖಾಲಿ ಹಾಳೆ ಕೊಟ್ಟು ‘ನಿಮ್ಮ ಕನಸಿನ ಯೂನಿಫಾರಂ ಬರೆಯಿರಿ’ ಎಂದರೆ ಚಿತ್ರ ಬರೆಯಲು ಬಾರದೆಂಬ ಸಂಕೋಚದಲ್ಲೇ ಅರ್ಧ ಜನ ಸುಮ್ಮನಾಗುತ್ತಾರೆ. ಅದರ ಬದಲು ಸವೆದ, ಹರಿದ, ಹೊಲಿಗೆ ಹಾಕಿಸಿಕೊಂಡ ಹಳೆಯ ಸಮವಸ್ತ್ರಗಳನ್ನೇ ಮೇಜಿನ ಮೇಲೆ ಹರಡಿ. ಕಂಕುಳಲ್ಲಿ ಕೂತ ಉಪ್ಪಿನ ಗೆರೆ, ಕಾಲರಿನ ಒಳಗೆ ಹಚ್ಚಿಕೊಂಡ ಮೆದು ತುಂಡುಬಟ್ಟೆ, ವಾಕಿಟಾಕಿಯ ಭಾರಕ್ಕೆ ಕಿತ್ತ ಸೊಂಟಪಟ್ಟಿ, ಹೆಂಗಸರು ತಾವೇ ಹೊಲಿಸಿಕೊಂಡ ಒಳಜೇಬು ಇವೆಲ್ಲ ಸಾಕ್ಷಿಗಳು. ಸಂಸ್ಥೆ ಕೊಟ್ಟದ್ದನ್ನು ತೊಟ್ಟವರು ಗುಟ್ಟಾಗಿ ತಿದ್ದಿಕೊಂಡ ಜಾಗಗಳೇ ಹೊಸ ವಿನ್ಯಾಸದ ಮೊದಲ ನಕ್ಷೆ. ಚುಚ್ಚುವ ಕಡೆ ಕೆಂಪು ದಾರ, ಬಿಗಿಯುವ ಕಡೆ ನೀಲಿ ದಾರ, ಇಷ್ಟವಾದ ಕಡೆ ಹಸಿರು ದಾರ ಹೊಲಿಯಲು ಹೇಳಿ. ಇಷ್ಟವಾದದ್ದನ್ನೂ ಕೇಳುವುದು ಮುಖ್ಯ, ಇಲ್ಲದಿದ್ದರೆ ಒಳ್ಳೆಯದೂ ಕೊಚ್ಚಿಹೋಗುತ್ತದೆ. ಜೊತೆಗೆ ಪಾಳಿಯ ಗಂಟೆಗಳನ್ನು ಒಂದು ಉದ್ದ ಪಟ್ಟಿಯಲ್ಲಿ ಬರೆದು, ಎಷ್ಟು ಹೊತ್ತು ನಿಂತದ್ದು, ನಡೆದದ್ದು, ಬಾಗಿದ್ದು, ಮಾತಾಡಿದ್ದು ಎಂದು ಗುರುತಿಸಿದರೆ ಕೆಲಸದ ನಿಜವಾದ ಚಿತ್ರ ಮೂಡುತ್ತದೆ.

ಎರಡನೆಯ ಬೈಠಕ್ಕು ಗ್ಯಾಲರಿಯೊಳಗೆ. ನಾಲ್ಕೈದು ಬಣ್ಣದ ಬಟ್ಟೆಯ ತುಂಡುಗಳನ್ನು ಎದೆಗೆ ಪಿನ್ನು ಮಾಡಿಕೊಂಡು ಒಬ್ಬೊಬ್ಬರೇ ತಮ್ಮ ಎಂದಿನ ಜಾಗದಲ್ಲಿ ನಿಲ್ಲಲಿ, ಉಳಿದವರು ಬಾಗಿಲಿನಿಂದ ನೋಡಲಿ. ಯಾವ ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ, ಯಾವುದು ಚಿತ್ರಗಳ ಜೊತೆ ಪೈಪೋಟಿಗಿಳಿಯುತ್ತದೆ ಎಂದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ಸನ್ನಿವೇಶಗಳನ್ನು ಆಡಿ ನೋಡಬೇಕು: ಮಗುವೊಂದು ವಿಗ್ರಹ ಮುಟ್ಟಲು ಹೋಯಿತು, ಅಜ್ಜಿಯೊಬ್ಬರಿಗೆ ಮೆಟ್ಟಿಲು ಹತ್ತಲಾಗದು, ಕರೆಂಟು ಹೋಯಿತು, ಯಾರೋ ಗದರಿಸಿ ಮಾತಾಡಿದರು. ಪ್ರತಿಯೊಂದರಲ್ಲೂ ಬಟ್ಟೆ ಏನು ನೆರವಾಯಿತು, ಎಲ್ಲಿ ಅಡ್ಡ ಬಂತು ಎಂದು ಕೇಳಬೇಕು. ಗಾಜಿನ ಪೆಟ್ಟಿಗೆಗೆ ಬಡಿಯುವ ಬೆಲ್ಟಿನ ಬಕಲ್ಲು, ಬಾಗಿದಾಗ ವಸ್ತುವಿನ ಮೇಲೆ ತೂಗಾಡುವ ಐಡಿ ದಾರ, ಕಿರುಗುಟ್ಟುವ ಷೂ ಇಂಥವು ಹೊರಬರುವುದು ಆಗಲೇ. ಕನ್ನಡ, ತುಳು, ಉರ್ದು, ತೆಲುಗು, ಹಿಂದಿಗಳಲ್ಲಿ ಯಾವುದು ಬರುತ್ತದೆಂದು ಬ್ಯಾಡ್ಜಿನಲ್ಲಿ ಬರೆದರೆ ಮಾತು ಸುಲಭವಾಗಬಹುದು. ಆದರೆ ಹೆಸರು ಪೂರ್ತಿ ಬರೆಯಬೇಕೆ, ಬರೀ ಸಂಖ್ಯೆ ಸಾಕೆ ಎಂಬುದನ್ನು, ಮುಖ್ಯವಾಗಿ ಹೆಂಗಸರ ವಿಷಯದಲ್ಲಿ, ತೊಡುವವರೇ ನಿರ್ಧರಿಸಲಿ.

ಮೂರನೆಯ ಬೈಠಕ್ಕಿನಲ್ಲಿ ಕತ್ತರಿ ಕೈಗೆ ಬರಲಿ. ಅಗ್ಗದ ಕೋರಾ ಬಟ್ಟೆಯಲ್ಲಿ ಟೈಲರ್ ಒಂದು ಒರಟು ಅಂಗಿ ಕತ್ತರಿಸಿ ಪಿನ್ನು ಚುಚ್ಚಿ ತೊಡಿಸಿದರೆ, ಕಾಗದದ ಮೇಲೆ ಹೇಳಲಾಗದ್ದನ್ನು ಮೈ ಹೇಳುತ್ತದೆ. ಈ ಕ್ರಮಕ್ಕೆ ಹಳೆಯ ಬೇರುಗಳಿವೆ. ನಾರ್ವೆಯಲ್ಲಿ ಕ್ರಿಸ್ಟನ್ ನೀಗಾರ್ಡ್ 1970ರ ದಶಕದಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ಕೆಲಸ ಮಾಡುತ್ತ, ಕಾರ್ಖಾನೆಗೆ ಬರುವ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ ಕಾರ್ಮಿಕರೇ ತಿಳಿದು ಮಾತಾಡಬೇಕೆಂಬ ದಾರಿ ಹಾಕಿದರು. 1981ರಲ್ಲಿ ಆರಂಭವಾದ ‘ಯುಟೋಪಿಯಾ’ ಯೋಜನೆಯಲ್ಲಿ ಸ್ಕ್ಯಾಂಡಿನೇವಿಯಾದ ಮುದ್ರಣ ಕಾರ್ಮಿಕರು ಇನ್ನೂ ತಯಾರಾಗದ ಯಂತ್ರಗಳನ್ನು ರಟ್ಟು, ಪ್ಲೈವುಡ್ ತುಂಡುಗಳಿಂದ ಕಟ್ಟಿಕೊಂಡು ಅವುಗಳ ಮುಂದೆ ಕೆಲಸ ಮಾಡಿ ನೋಡಿದರು. ಅಲ್ಲಿ ರಟ್ಟು ಮಾಡಿದ ಕೆಲಸವನ್ನು ಇಲ್ಲಿ ಕೋರಾ ಬಟ್ಟೆ ಮಾಡುತ್ತದೆ. ಅದನ್ನು ಕತ್ತರಿಸಲು, ಗೀಚಲು, ಎಸೆಯಲು ಯಾರಿಗೂ ಅಳುಕಿರುವುದಿಲ್ಲ. ದಿನದ ಕೊನೆಗೆ ಎಲ್ಲರ ಬೇಡಿಕೆಗಳನ್ನೂ ಬೆಲೆಯ ಜೊತೆ ಗೋಡೆಗೆ ಹಚ್ಚಿ, ಸಂಸ್ಥೆ ಇಟ್ಟಿರುವ ಬಜೆಟ್ಟನ್ನು ಬಾಯ್ಬಿಟ್ಟು ಹೇಳಿ, ಯಾವುದು ಮೊದಲು ಎಂದು ಮತ ಹಾಕಿಸಬೇಕು. ದುಡ್ಡು ಕಡಿಮೆಯಿದ್ದಲ್ಲಿ ಮೊದಲ ಪಾಲು ಷೂಗೆ ಹೋಗುವುದು ನ್ಯಾಯ. ನಿಲ್ಲುವ ಕೆಲಸದಲ್ಲಿ ಅಂಗಿಗಿಂತ ಅಟ್ಟೆ ಮುಖ್ಯ.

ತೊಟ್ಟು ನೋಡುವ ತಿಂಗಳುಗಳು

ಒಪ್ಪಿದ ವಿನ್ಯಾಸವನ್ನು ಒಮ್ಮೆಗೇ ಎಲ್ಲರಿಗೂ ಹೊಲಿಸುವುದು ದೊಡ್ಡ ತಪ್ಪು. 2011ರಲ್ಲಿ ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್ ಹೊಸ ಸಮವಸ್ತ್ರ ಕೊಟ್ಟ ಮೇಲೆ ವಿಮಾನ ಸಿಬ್ಬಂದಿಯಲ್ಲಿ ತುರಿಕೆ, ದದ್ದು, ಕಣ್ಣುರಿಯ ದೂರುಗಳು ಬಂದವು. ಹಾರ್ವರ್ಡ್ ಸಂಶೋಧಕರು 684 ಸಿಬ್ಬಂದಿಯ ಮಾಹಿತಿಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಹೊಸ ಬಟ್ಟೆ ಬಂದ ಬಳಿಕ ಅಂಥ ತೊಂದರೆಗಳು ಹೆಚ್ಚಿದ್ದನ್ನು ತೋರಿಸಿತು. ಸುಕ್ಕಾಗದಂತೆ, ಕಲೆಯಾಗದಂತೆ ಬಟ್ಟೆಗೆ ಹಚ್ಚುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅದು ಕಣ್ಣಿಗೆ ಕಾಣುವ ಸಂಗತಿಯೂ ಅಲ್ಲ. ಆದ್ದರಿಂದ ಮೊದಲು ಐದಾರು ಮಂದಿಗೆ ಎರಡೆರಡು ಜೊತೆ ಹೊಲಿಸಿ, ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ದಾಟಿಸಿ. ತೊಡುವ ಮೊದಲು ಒಗೆಯಬೇಕು. ಮಳೆಗಾಲದಲ್ಲಿ ಒಂದು ರಾತ್ರಿಯಲ್ಲಿ ಒಣಗುತ್ತದೆಯೇ, ಹಲವು ಒಗೆತಗಳ ನಂತರ ಬಣ್ಣ ನಿಲ್ಲುತ್ತದೆಯೇ, ಇಸ್ತ್ರಿಯಿಲ್ಲದೆ ತೊಡಬಹುದೇ ಎಂದು ವಾರಕ್ಕೊಮ್ಮೆ ಬರೆದಿಡಬೇಕು. ಷರ್ಟಿಗೆ ಚದರ ಮೀಟರಿಗೆ 120ರಿಂದ 150 ಗ್ರಾಂ ತೂಗುವ, ಹತ್ತಿಯ ಪಾಲು ಹೆಚ್ಚಿರುವ ಬಟ್ಟೆ, ಪ್ಯಾಂಟಿಗೆ 200 ಗ್ರಾಂ ಆಸುಪಾಸಿನ ಟ್ವಿಲ್ ನಮ್ಮ ಹವೆಗೆ ಒಗ್ಗುತ್ತವೆ. ಕೈಮಗ್ಗದ ಬಟ್ಟೆ ಹಾಕಬೇಕೆಂಬ ಆಸೆ ಸಹಜ, ನೇಕಾರರಿಗೂ ಅನುಕೂಲ. ಆದರೆ ಅದರ ಗಂಜಿ, ಇಸ್ತ್ರಿಯ ಹೊಣೆ ತೊಡುವವರ ಮನೆಗೆ ಬಿದ್ದರೆ ಸಂಸ್ಥೆಯ ಸಂಸ್ಕೃತಿ ಪ್ರೀತಿಗೆ ಕಾವಲುಗಾರರು ತಮ್ಮ ಸಂಬಳದಿಂದ ಖರ್ಚು ಮಾಡಿದಂತಾಗುತ್ತದೆ. ಒಗೆತದ ಭತ್ಯೆಯನ್ನೂ ಲೆಕ್ಕಕ್ಕೆ ಸೇರಿಸಿಯೇ ಕೈಮಗ್ಗ ಆರಿಸಬೇಕು.

ಆಕ್ಷೇಪಗಳಿಗೆ ಉತ್ತರ

ಕಾವಲುಗಾರರು ಏಜೆನ್ಸಿಯವರು, ಇಂದು ಇಲ್ಲಿ ನಾಳೆ ಇನ್ನೊಂದು ಕಡೆ, ಅವರಿಗಾಗಿ ಇಷ್ಟು ಖರ್ಚೇಕೆ ಎಂಬುದು ಆಡಳಿತದ ಮೊದಲ ಆಕ್ಷೇಪ. ಇದಕ್ಕೆ ಪರಿಹಾರ ಟೆಂಡರಿನಲ್ಲಿದೆ. ಮೇಲಂಗಿ ಅಥವಾ ವೇಸ್ಟ್‌ಕೋಟನ್ನು ಮ್ಯೂಸಿಯಂ ತನ್ನ ಆಸ್ತಿಯಾಗಿ ಬೇರೆಬೇರೆ ಅಳತೆಗಳಲ್ಲಿ ಹೊಲಿಸಿಟ್ಟುಕೊಳ್ಳಲಿ, ಒಳಗಿನ ಷರ್ಟು ಪ್ಯಾಂಟಿನ ಬಟ್ಟೆಯ ಗುಣಮಟ್ಟವನ್ನು ಗುತ್ತಿಗೆಯ ಷರತ್ತಾಗಿ ಬರೆಯಲಿ. ಜನ ಬದಲಾದರೂ ಕಲಿತದ್ದು ಕಡತದಲ್ಲಿ ಉಳಿಯುತ್ತದೆ. ಎಲ್ಲರ ಮಾತು ಕೇಳಿದರೆ ಸಮವಸ್ತ್ರ ಸಮವಾಗಿ ಉಳಿಯುವುದಿಲ್ಲ, ನೋಡುಗರಿಗೆ ಗುರುತು ಸಿಗುವುದಿಲ್ಲ ಎಂಬುದು ಎರಡನೆಯದು. ಗುರುತಿಗೆ ಬೇಕಾದ್ದು ದೂರದಿಂದ ಕಾಣುವ ಒಂದು ಬಣ್ಣ, ಒಂದು ಚಿಹ್ನೆ. ಅದು ಎಲ್ಲರಲ್ಲೂ ಒಂದೇ ಇದ್ದರೆ ಒಬ್ಬರು ಚೂಡಿದಾರ್, ಇನ್ನೊಬ್ಬರು ಪ್ಯಾಂಟು ತೊಟ್ಟರೂ ಗೊಂದಲವಿಲ್ಲ. ರಷ್ಯಾದ ಮ್ಯೂಸಿಯಂಗಳಲ್ಲಿ ತಮ್ಮದೇ ಬಟ್ಟೆಯಲ್ಲಿ ಕುರ್ಚಿ ಹಾಕಿಕೊಂಡು ಕಾಯುವ ಹಿರಿಯ ಹೆಂಗಸರನ್ನು ಆ್ಯಂಡಿ ಫ್ರೀಬರ್ಗ್ ಛಾಯಾಚಿತ್ರಗಳಲ್ಲಿ ಸೆರೆಹಿಡಿದಿದ್ದಾರೆ. ಕಾವಲಿಗೆ ಇರುವುದು ಒಂದೇ ವೇಷವಲ್ಲ ಎಂಬುದಕ್ಕೆ ಅವು ನಿದರ್ಶನ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಖಾಕಿ ಛಾಯೆಯ, ಭುಜಪಟ್ಟಿಯ ಬಟ್ಟೆಯನ್ನೇ ಕಾವಲುಗಾರರು ಬಯಸಿದರೆ? ಬಯಸಬಹುದು. ಜಾತಿ, ದುಡ್ಡು, ಇಂಗ್ಲಿಷ್ ನೋಡಿ ಮನುಷ್ಯರನ್ನು ಅಳೆಯುವ ಸಮಾಜದಲ್ಲಿ ಕಡಿಮೆ ಸಂಬಳದವರಿಗೆ ಗಡಸು ಸಮವಸ್ತ್ರ ಒಂದಿಷ್ಟು ರಕ್ಷಣೆ ಕೊಡುತ್ತದೆ. ಅದನ್ನು ತೆಗೆದು ‘ಸ್ನೇಹಮಯಿ’ ಬಟ್ಟೆ ತೊಡಿಸುವುದು ಕ್ಯುರೇಟರ್‌ಗಳ ರುಚಿಯಾಗಿರಬಹುದು, ಬೈಸಿಕೊಳ್ಳುವುದು ಮಾತ್ರ ಕಾವಲುಗಾರರ ಪಾಲಿಗೆ ಬರುತ್ತದೆ. ಆದ್ದರಿಂದ ‘ಈಗಿರುವುದೇ ಇರಲಿ, ಬಟ್ಟೆಯ ಗುಣ ಮಾತ್ರ ಬದಲಿಸಿ’ ಎಂಬ ತೀರ್ಮಾನಕ್ಕೂ ಕಾರ್ಯಾಗಾರದಲ್ಲಿ ಜಾಗವಿರಬೇಕು, ಕಾನೂನಿನ ಗೆರೆಯೊಳಗೆ. ಬಟ್ಟೆ ಬದಲಾದರೆ ಮನಸ್ಸೇ ಬದಲಾಗುತ್ತದೆಂಬ ಭರವಸೆಯನ್ನೂ ಅತಿಯಾಗಿ ಹಚ್ಚಿಕೊಳ್ಳಬಾರದು. ವೈದ್ಯರ ಕೋಟೆಂದು ಹೇಳಿ ಬಿಳಿ ಕೋಟು ತೊಡಿಸಿದರೆ ಗಮನಶಕ್ತಿ ಹೆಚ್ಚುತ್ತದೆಂದು ಹಾಜೊ ಆ್ಯಡಂ, ಆ್ಯಡಂ ಗಲಿನ್ಸ್ಕಿ 2012ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಹೆಸರು ಮಾಡಿತು. 2019ರಲ್ಲಿ ಬೇರೆಯವರು ಮರುಪ್ರಯೋಗ ಮಾಡಿದಾಗ ಅದೇ ಫಲ ಸಿಗಲಿಲ್ಲ. ಸಮವಸ್ತ್ರ ಚೆನ್ನಾಗಿದ್ದರೆ ಮೈಗೆ ಹಿತ, ಕೆಲಸ ಸಲೀಸು. ಅಷ್ಟು ಹೇಳಿದರೆ ಸಾಕು.

ಕೊನೆಯ ಆಕ್ಷೇಪ ಸಿಬ್ಬಂದಿಯದೇ: ಸಂಬಳ ಕೇಳಿದರೆ ಸೃಜನಶೀಲತೆ ಕೊಡುತ್ತೀರಾ? ಈ ಮಾತಿಗೆ ತಲೆಬಾಗಲೇಬೇಕು. ಬಾಲ್ಟಿಮೋರ್‌ನಲ್ಲಿ ಕಾವಲುಗಾರರ ಪ್ರದರ್ಶನ ಮುಗಿದ ಜುಲೈ ತಿಂಗಳಲ್ಲೇ ಮ್ಯೂಸಿಯಂ ನೌಕರರು ಯೂನಿಯನ್ ಕಟ್ಟುವ ಪರವಾಗಿ ಮತ ಹಾಕಿದರು. ಮನ್ನಣೆ ಸಿಕ್ಕಿದೊಡನೆ ಬೇಡಿಕೆಗಳು ಕರಗುವುದಿಲ್ಲ, ಕರಗಬೇಕಾಗಿಯೂ ಇಲ್ಲ. ಕುರ್ಚಿಯ ಪ್ರಶ್ನೆಯೂ ಹಾಗೆಯೇ. ಅಂಗಡಿ ಮಳಿಗೆಗಳ ಕೆಲಸಗಾರರಿಗೆ ಕೂರಲು ಆಸನ ಇರಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕಾರ್ಯಾಗಾರದ ಉದ್ದ ಪಟ್ಟಿಯಲ್ಲಿ ‘ನಿಂತದ್ದು’ ಎಂಬ ಗುರುತು ಪಾಳಿಯನ್ನೇ ನುಂಗಿದ್ದರೆ, ಅದಕ್ಕೆ ಉತ್ತರ ಇನ್ನೂ ಮೆತ್ತಗಿನ ಷೂ ಮಾತ್ರವಾಗಬಾರದು, ಒಂದು ಸ್ಟೂಲೂ ಆಗಬೇಕು, ಗಂಟೆಗೊಮ್ಮೆ ಜಾಗ ಬದಲಿಸುವ ಡ್ಯೂಟಿ ಪಟ್ಟಿಯೂ ಆಗಬೇಕು.

ಆದ್ದರಿಂದ ಕಾರ್ಯಾಗಾರಕ್ಕೆ ಮುನ್ನವೇ ಸಂಸ್ಥೆ ಮೂರು ಮಾತುಗಳನ್ನು ಬರೆದು ಸಹಿ ಹಾಕಿ ಕೊಡಲಿ: ಇಷ್ಟು ಹಣ ಮೀಸಲಾಗಿದೆ, ಇಂಥ ದಿನಾಂಕದೊಳಗೆ ಪರೀಕ್ಷಾ ಸಮವಸ್ತ್ರ ಸಿದ್ಧವಾಗುತ್ತದೆ, ಬಟ್ಟೆಗೆ ಸಂಬಂಧಿಸದ ಬೇಡಿಕೆ ಬಂದರೂ ಲಿಖಿತ ಉತ್ತರ ಕೊಡಲಾಗುತ್ತದೆ. ಕಾವಲುಗಾರರು ಕೂಡ ಈ ಮೂರನ್ನು ಕೇಳಿ ಪಡೆದುಕೊಂಡೇ ಕೂರಬೇಕು. ವರ್ಷದ ಬಳಿಕ ಫಲ ಅಳೆಯುವಾಗ ಹೊಸ ಅಂಗಿಯನ್ನು ಎಷ್ಟು ಮಂದಿ ಮೆಚ್ಚಿದರು ಎಂಬುದಕ್ಕಿಂತ, ಸಿಬ್ಬಂದಿ ಹೇಳಿದ್ದರಿಂದ ಅಂಗಿಯ ಹೊರಗೆ ಏನೇನು ಬದಲಾಯಿತು ಎಂದು ಕೇಳಬೇಕು. ಪಟ್ಟಿಯಲ್ಲಿ ಒಂದೂ ಇಲ್ಲದಿದ್ದರೆ ಸಂಸ್ಥೆ ಬಟ್ಟೆ ಹೊಲಿಸಿದೆ, ಮಾತು ಕೇಳಿಸಿಕೊಂಡಿಲ್ಲ.